ಅಪ್‌ಡೇಟ್: ಮಕ್ಕಳು ಸಂಗೀತ ಕಛೇರಿಯಲ್ಲಿ ಪೂರ್ತಿ ಕೂತರು!

ಹೋದ ತಿಂಗಳು ಕೇಳಿದ್ದೆನಲ್ಲ, 6 ಮತ್ತು 9 ವರ್ಷದ ಮಕ್ಕಳು ಕಛೇರಿಗೆ ಕರೆದುಕೊಂಡು ಹೋದರೆ ಹತ್ತೇ ನಿಮಿಷಕ್ಕೆ ‘ಮನೆಗೆ ಹೋಗೋಣ’ ಅನ್ನುತ್ತಾರೆ, ಏನು ಮಾಡಲಿ ಅಂತ. ಮೊದಲು ತಾಳ ಹೇಳಿಕೊಡಿ ಅಂದವರಿಗೆ ಥ್ಯಾಂಕ್ಸ್. ಹೇಳಿಕೊಟ್ಟಿದ್ದು ಆದಿತಾಳದ 8 ಎಣಿಕೆ: ಒಂದು ತಟ್ಟು, ಕಿರುಬೆರಳಿಂದ ಮೂರು ಬೆರಳು, ಆಮೇಲೆ ತಟ್ಟಿ ಅಂಗೈ ತಿರುವುವುದು, ಹೀಗೆ ಎರಡು ಸಲ. ಊಟಕ್ಕೆ ಕೂತಾಗಲೂ ಅದೇ ಆಟ, ಅತ್ತೆಯ ಬೈಗುಳವೂ ಜೊತೆಗೆ.

ಭಾನುವಾರ ಹಾಸನದಲ್ಲಿ ಪರಿಚಯದವರ ಮನೆಯಲ್ಲೇ ಪುಟ್ಟ ಕಛೇರಿ. ಮೃದಂಗದ ಹತ್ತಿರ ಕೂರಿಸಿದೆ. ತಾಳವಿಲ್ಲದೆ ರಾಗ ಹಾಡುವ ಆಲಾಪನೆಗೆ ದೊಡ್ಡವನು ಆಕಳಿಸಿದ, ಸುಳ್ಳು ಯಾಕೆ ಹೇಳಲಿ. ತಾಳವಾದ್ಯ ಮಾತ್ರ ನುಡಿಸುವ ತನಿ ಆವರ್ತನ ಶುರುವಾದ ಮೇಲೆ ಇಬ್ಬರೂ ಅಲ್ಲಾಡಲಿಲ್ಲ.

ಮುಂದಿನ ತಿಂಗಳು ರುದ್ರಪಟ್ಟಣಕ್ಕೆ ಹೋಗುತ್ತೇವೆ. ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ ಊರು, ನಮ್ಮ ಅರಕಲಗೂಡು ತಾಲ್ಲೂಕೇ ಅಲ್ವಾ. ಅಲ್ಲಿ ತಂಬೂರಿ ಆಕಾರದ ಗುಡಿ ಇದೆ ಅಂದಿದ್ದಕ್ಕೆ, ತಂತಿ ಎಲ್ಲಿ ಕಟ್ಟಿದ್ದಾರೆ ಅಂತ ಚಿಕ್ಕವಳು ದಿನಾ ಕೇಳುತ್ತಿದ್ದಾಳೆ.