ಮಾವಿನ ಹೂವಿಗೂ ಗುಲಾಬಿಗೂ ಒಟ್ಟಿಗೇ ಬೂದಿ ರೋಗ, ಏನು ಹೊಡೆಯಲಿ?

ಹಿತ್ತಲಮನೆ, ಮೈಸೂರು
ನಮ್ಮ ಹಿತ್ತಲಲ್ಲಿ ಒಂದು ಬಾದಾಮಿ ಮಾವಿನ ಮರ ಇದೆ. ನಮ್ಮ ಅತ್ತೆ ನೆಟ್ಟಿದ್ದು. ಈ ಸಲ ಹೂವು ಜಾಸ್ತಿ ಬಂತು ಅಂತ ಖುಷಿಪಡುವಷ್ಟರಲ್ಲಿ ಗೊಂಚಲಿನ ತುದಿಗೆಲ್ಲ ಬಿಳಿ ಪುಡಿ ಹತ್ತಿದೆ. ಮುಟ್ಟಿದರೆ ಬೆರಳಿಗೆ ಬರುತ್ತೆ. ಕೆಳಗಿನ ಕೊಂಬೆಯಲ್ಲಿ ಹೂವು ಆಗಲೇ ಕಂದಿ ಉದುರುತ್ತಿದೆ. ಗೇಟಿನ ಹತ್ತಿರದ ಗುಲಾಬಿ ಚಿಗುರೂ ಬೆಳ್ಳಗಾಗಿ ಮುದುಡಿಕೊಂಡಿದೆ. ಮಾವಿನಿಂದಲೇ ಹರಡಿತಾ? "ಇಬ್ಬನಿಗೆ ಹೀಗಾಗಿದೆ, ಬಿಸಿಲು ಏರಿದರೆ ತಾನೇ ಹೋಗುತ್ತೆ" ಅಂತಾರೆ ಅತ್ತೆ. ನರ್ಸರಿಯವರು ಬೇವಿನೆಣ್ಣೆ ಕೊಟ್ಟರು, ಮೊನ್ನೆ ಗುಲಾಬಿಗೆ ಹೊಡೆದೆ. ಮಕ್ಕಳು ಆಡುವ ಜಾಗ, ತೀರಾ ವಿಷದ ಔಷಧಿ ಬೇಡ.

ಕುಂಡದ ಗುಲಾಬಿ
ಗುಲಾಬಿಗೆ ಹಾಲು ಹೊಡೆದು ನೋಡಿ. ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು, ವಾರಕ್ಕೊಮ್ಮೆ, ಬೆಳಗಿನ ಬಿಸಿಲು ಬೀಳುವಾಗ. ಅಜ್ಜಿ ಮದ್ದು ಅಂತ ನಗಬೇಡಿ. ಬ್ರೆಜಿಲ್‌ನಲ್ಲಿ ಕುಂಬಳದ ಜಾತಿಯ ಗಿಡಗಳ ಬೂದಿ ರೋಗಕ್ಕೆ ಇದನ್ನು ಹೊಡೆದು ಪರೀಕ್ಷಿಸಿ, ಒಳ್ಳೆ ಫಲ ಸಿಕ್ಕಿತು ಅಂತ 1999ರಲ್ಲೇ ಪ್ರಕಟಿಸಿದ್ದಾರೆ. ಮಾವಿನ ಮರಕ್ಕಾದರೆ ಡೈರಿಯನ್ನೇ ಕರೆಸಬೇಕು ಬಿಡಿ.

ಮಾವಿನ ತೋಪು, ಶ್ರೀನಿವಾಸಪುರ
ಅಕ್ಕ, ಮಾವಿನ ಬೂದಿಯೇ ಬೇರೆ, ಗುಲಾಬಿಯ ಬೂದಿಯೇ ಬೇರೆ. ಎರಡೂ ಶಿಲೀಂಧ್ರವೇ, ನೋಡೋಕೆ ಒಂದೇ ಥರ, ಆದರೆ ಅದರಿಂದ ಇದಕ್ಕೆ ದಾಟುವುದಿಲ್ಲ. ರಾತ್ರಿ ಚಳಿ, ಬೆಳಿಗ್ಗೆ ಮಂಜು, ಮಧ್ಯಾಹ್ನ ಒಣ ಬಿಸಿಲು. ಈ ಹವೆ ಎರಡಕ್ಕೂ ಹಿಡಿಸಿದೆ, ಅಷ್ಟೇ. ಬಾದಾಮಿಗಂತೂ ಈ ರೋಗ ಬೇಗ ತಗಲುತ್ತೆ.

ನಿಮ್ಮ ಅತ್ತೆಯವರ ಮಾತು ಅರ್ಧ ಸರಿ. ಬಿಸಿಲು ಏರಿದರೆ ರೋಗ ನಿಲ್ಲುತ್ತೆ. ಅಷ್ಟೊತ್ತಿಗೆ ಹೂವೂ ಇರಲ್ಲ, ಕಡಲೆ ಗಾತ್ರದ ಕಾಯಿಯೂ ಇರಲ್ಲ. ಇನ್ನೊಂದು ವಿಷಯ. ಬೇರೆ ರೋಗಗಳ ಹಾಗೆ ಇದಕ್ಕೆ ಎಲೆ ಒದ್ದೆಯಾಗಬೇಕಿಲ್ಲ, ಗಾಳಿಯಲ್ಲಿ ತೇವ ಇದ್ದರೆ ಸಾಕು.

ನಮ್ಮಲ್ಲಿ ಗೊಂಚಲು ಹೊರಟು, ಹೂವು ಅರಳುವ ಮುಂಚೆಯೇ ಗಂಧಕ ಹೊಡೆದುಬಿಡುತ್ತೇವೆ. ಅಂಗಡಿಯಲ್ಲಿ ನೀರಿನಲ್ಲಿ ಕರಗುವ ಗಂಧಕ, ಶೇ. 80ರದ್ದು ಅಂತ ಕೇಳಿ. ಲೀಟರಿಗೆ 2 ಗ್ರಾಂ. ನಿಮ್ಮದು ಆಗಲೇ ಅರಳಿದೆ, ಹಾಗಾಗಿ ಸಂಜೆ ಹೊತ್ತು ಹೊಡೆಯಿರಿ. ಹಗಲಲ್ಲಿ ನೊಣ, ಜೇನು ಹೂವಿನ ಮೇಲಿರುತ್ತವೆ. ಮಾವು ಕಾಯಿ ಕಚ್ಚುವುದು ಹೆಚ್ಚಾಗಿ ಆ ನೊಣಗಳಿಂದಲೇ, ಅವನ್ನು ಓಡಿಸಿದರೆ ರೋಗ ಹೋದರೂ ಲಾಭ ಇಲ್ಲ. ಬಿಸಿಲು 32 ಡಿಗ್ರಿ ದಾಟಿದ ದಿನ ಗಂಧಕ ಮುಟ್ಟಲೇಬೇಡಿ, ಎಲೆ ಸುಡುತ್ತೆ. ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ. ಔಷಧಿ ಆರುವ ತನಕ ಮಕ್ಕಳನ್ನು ಆ ಕಡೆ ಬಿಡಬೇಡಿ.

ಗುಲಾಬಿಗೆ ಮಾತ್ರ ಸದ್ಯ ಗಂಧಕ ಬೇಡವೇ ಬೇಡ! ಬೇವಿನೆಣ್ಣೆ ಹೊಡೆದಿದ್ದೀರಲ್ಲ, ಎರಡು ವಾರ ಬಿಡಬೇಕು. ಎಣ್ಣೆ, ಗಂಧಕ ಎರಡೂ ಸೇರಿದರೆ ಚಿಗುರೇ ಕರಟಿಹೋಗುತ್ತೆ. ಅಲ್ಲಿಯತನಕ ಮುದುಡಿದ ತುದಿ ಕತ್ತರಿಸಿ, ಹಾಲೇ ಹೊಡೆಯಿರಿ.

ಹಿತ್ತಲಮನೆ
ಎಣ್ಣೆಯ ವಿಷಯ ನರ್ಸರಿಯಲ್ಲಿ ಯಾರೂ ಹೇಳಲಿಲ್ಲ ನೋಡಿ. ಗಂಧಕದ ಪೊಟ್ಟಣ ಕೈಯಲ್ಲೇ ಇತ್ತು! ಮೂಲೆಯ ಹಿಪ್ಪುನೇರಳೆ ಎಲೆಯ ಅಡಿಯಲ್ಲೂ ಬಿಳಿ ಪುಡಿ ಇದೆ. ಅದರ ಮೇಲೆ ಪುಟ್ಟ ಹಳದಿ ಹುಳುಗಳು ಓಡಾಡುತ್ತಿವೆ. ಅವೇ ಹರಡುತ್ತವಾ?

ರೇಷ್ಮೆ ಮನೆ, ಶಿಡ್ಲಘಟ್ಟ
ಅಯ್ಯೋ, ಅವನ್ನು ಕೊಲ್ಲಬೇಡಿ ಮೇಡಂ. ಅದು ಹಳದಿ ಗುಲಗಂಜಿ ಹುಳು, ಆ ಬೂದಿಯೇ ಅದರ ಊಟ. ಅದರ ಮರಿಗಳೂ ಅದನ್ನೇ ತಿನ್ನುತ್ತವೆ. ಹಿಪ್ಪುನೇರಳೆಗೆ ಬೂದಿ ಬರುವುದು ಎಲೆಯ ಅಡಿಗೇ, ಮೇಲೆ ನೋಡಿದರೆ ಬೇಗ ಗೊತ್ತಾಗಲ್ಲ. ನೀವೇನು ರೇಷ್ಮೆ ಹುಳು ಸಾಕುತ್ತಿಲ್ಲ ಅಲ್ವಾ? ಹಾಗಿದ್ರೆ ಪುಡಿ ಹತ್ತಿದ ಹಳೇ ಎಲೆ ಕಿತ್ತು ಹಾಕಿ, ಸಾಕು.

ಮಾವಿನ ತೋಪು, ಶ್ರೀನಿವಾಸಪುರ
ಮರ ಎತ್ತರ ಇದ್ದರೆ ಉದ್ದ ಕೋಲಿನ ಸ್ಪ್ರೇಯರ್ ಬಾಡಿಗೆಗೆ ಸಿಗುತ್ತಾ ವಿಚಾರಿಸಿ. ಹಣ್ಣು ಮುಗಿದ ಮೇಲೆ, ಜೂನ್-ಜುಲೈನಲ್ಲಿ, ಒಳಗಿನ ದಟ್ಟ ಕೊಂಬೆ ತೆಗೆಸಿ. ನೆತ್ತಿಯಿಂದ ಬಿಸಿಲು ಒಳಕ್ಕೆ ಬೀಳಬೇಕು. ಯೂರಿಯಾ ಸುರಿಯಬೇಡಿ, ಎಳೇ ಚಿಗುರು ಜಾಸ್ತಿಯಾದಷ್ಟೂ ಬೂದಿಗೆ ಒಳ್ಳೇದು.