ಕೂಲಂಟಿನಲ್ಲಿ ಎಣ್ಣೆ ಕಂಡರೆ ಹೆಡ್ ಬಿಚ್ಚಲೇಬೇಕೆ?

ಪ್ರಶ್ನೆ: ನಮಸ್ಕಾರ ಸರ್. ನನ್ನದು ಟರ್ಬೊ ಡೀಸೆಲ್ ಕಾರು. ಕೂಲಂಟ್ (ಎಂಜಿನ್ ತಣಿಸುವ ದ್ರವ) ಡಬ್ಬಿಯ ಮುಚ್ಚಳ ತೆಗೆದರೆ ಒಳಗೆಲ್ಲ ಬೆರಳಿಗೆ ಅಂಟುವ ಕಂದು ಜಿಡ್ಡು. ಗ್ಯಾರೇಜಿನವರು ಒಮ್ಮೆ ಇಣುಕಿ ನೋಡಿ, ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಎಂದುಬಿಟ್ಟರು. ಆದರೆ ಗಾಡಿ ಒಮ್ಮೆಯೂ ಹೀಟ್ ಆಗಿಲ್ಲ, ಪಿಕಪ್ ಕಡಿಮೆಯಾಗಿಲ್ಲ, ಬಿಳಿ ಹೊಗೆಯೂ ಇಲ್ಲ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಎಂದಿನಂತೆ ಕಪ್ಪಗೇ ಇದೆ, ಮಟ್ಟ ಮಾತ್ರ ಇಳಿದಿದೆ. ಬಿಚ್ಚಲು ಒಪ್ಪಲೇ?

ಮೆಕ್ಯಾನಿಕ್: ಈಗಲೇ ಒಪ್ಪಬೇಡಿ. ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ ಸೀಲು. ನೀವು ಬರೆದಿರುವ ಲಕ್ಷಣಗಳನ್ನು ಓದಿದರೆ ನನ್ನ ಮೊದಲ ಅನುಮಾನ ಆಯಿಲ್ ಕೂಲರ್ (ಕೂಲಂಟಿನಿಂದ ಎಣ್ಣೆಯನ್ನು ತಣಿಸುವ ಭಾಗ) ಮೇಲೆ. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ಸಾಮಾನ್ಯವಾಗಿ 3–4 ಬಾರ್, ಕೂಲಂಟಿನದು 1 ಬಾರ್ ಆಸುಪಾಸು. ಕೂಲರ್ ಒಳಗೆ ಇವೆರಡನ್ನೂ ಬೇರ್ಪಡಿಸುವುದು ತೆಳುವಾದ ಲೋಹದ ಪದರ. ಅದು ಬಿರಿದರೆ ಎಣ್ಣೆಯೇ ಕೂಲಂಟಿಗೆ ನುಗ್ಗುತ್ತದೆ. ಎಣ್ಣೆ ಇಳಿದರೂ ಕೊಳೆಯಾಗದೆ ಉಳಿದಿರುವುದಕ್ಕೆ ಇದೇ ಕಾರಣವಿರಬಹುದು.

ಹೆಡ್ ಗ್ಯಾಸ್ಕೆಟ್ ಹೆಚ್ಚಾಗಿ ಸೋಲುವುದು ಸಿಲಿಂಡರ್ ಮತ್ತು ನೀರಿನ (ಅಂದರೆ ಕೂಲಂಟಿನ) ದಾರಿಯ ನಡುವೆ. ಆಗ ಕೂಲಂಟಿಗೆ ಸೇರುವುದು ಎಣ್ಣೆಯಲ್ಲ, ಉರಿದ ಅನಿಲ. ಅದನ್ನು ಹಿಡಿಯಲು ಅನಿಲ ಪರೀಕ್ಷೆ ಇದೆ. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಕೂಲಂಟ್ ಮಟ್ಟ ಸ್ವಲ್ಪ ಇಳಿಸಿ, ಡಬ್ಬಿಯ ಬಾಯಿಗೆ ನೀಲಿ ದ್ರವದ ನಳಿಕೆ ಇಟ್ಟು ಎಂಜಿನ್ ಓಡಿಸುತ್ತಾರೆ. ಉರಿದ ಅನಿಲ ಬಂದರೆ ದ್ರವ ಪೆಟ್ರೋಲ್ ಎಂಜಿನ್ನಿನಲ್ಲಿ ಹಳದಿಗೆ, ಡೀಸೆಲ್‌ನಲ್ಲಿ ಹಸಿರಿಗೆ ತಿರುಗುತ್ತದೆ. ನೀಲಿಯಾಗಿಯೇ ಉಳಿದರೆ ಗ್ಯಾಸ್ಕೆಟ್ ಸಂಪೂರ್ಣ ನಿರ್ದೋಷಿ ಎಂದಲ್ಲ. ಎಣ್ಣೆಯ ದಾರಿ ಮತ್ತು ನೀರಿನ ದಾರಿಯ ನಡುವೆ ಮಾತ್ರ ಸೋರುತ್ತಿದ್ದರೆ ಈ ಪರೀಕ್ಷೆಗೆ ಅದು ಸಿಗುವುದಿಲ್ಲ. ಹಾಗಾಗಿ ಕೂಲರನ್ನು ಬಿಚ್ಚಿಸಿ, ಎಣ್ಣೆಯ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿ ಕೊಟ್ಟು ಬಿಸಿನೀರಿನಲ್ಲಿ ಮುಳುಗಿಸಲು ಹೇಳಿ. ನೀರಿನ ಕಡೆಯ ಬಾಯಿಯಿಂದ ಗುಳ್ಳೆ ಎದ್ದರೆ ಕಳ್ಳ ಸಿಕ್ಕಿದ. ಕೂಲರಿನ ರಬ್ಬರ್ ಸೀಲುಗಳನ್ನೂ ನೋಡಿಸಿ. ಒಮ್ಮೊಮ್ಮೆ ಕೂಲರ್ ಗಟ್ಟಿಯಾಗಿದ್ದು ಸೀಲು ಮಾತ್ರ ಹೋಗಿರುತ್ತದೆ. ಹೆಡ್ ಬಿಚ್ಚುವ ಮಾತು ಇದೆಲ್ಲ ಮುಗಿದ ಮೇಲೆ.

ಇದಕ್ಕೂ ಮೊದಲು ಒಂದು ಸಣ್ಣ ಕೆಲಸ ಮಾಡಿ. ಜಿಡ್ಡನ್ನು ಬೆರಳುಗಳ ನಡುವೆ ಉಜ್ಜಿ ನಲ್ಲಿಯ ಕೆಳಗೆ ಹಿಡಿಯಿರಿ. ಎಣ್ಣೆಯಾದರೆ ನೀರು ಮಣಿಮಣಿಯಾಗಿ ಜಾರುತ್ತದೆ, ಜಿಗುಟು ಹೋಗುವುದಿಲ್ಲ. ಹೊಂದಿಕೆಯಾಗದ ಎರಡು ಬಗೆಯ ಕೂಲಂಟ್ ಬೆರೆಸಿ ಹೆಪ್ಪುಗಟ್ಟಿದ್ದರೆ ಹಾಗಾಗುವುದಿಲ್ಲ. ಬರೀ ನೀರು ಹಾಕಿ ಓಡಿಸಿದ ಗಾಡಿಯ ತುಕ್ಕೂ ಕಂದು ಬಣ್ಣವೇ.

ಪ್ರಶ್ನೆ: ಎಣ್ಣೆ ಹಾಕುವ ಮುಚ್ಚಳದ ಒಳಗೆ ಬಿಳಿ ಕೆನೆ ಇದೆ. ಈ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಗಾಡಿ ಓಡಿಸಬಹುದೇ?

ಮೆಕ್ಯಾನಿಕ್: ಚಳಿಯಲ್ಲಿ ಸ್ವಲ್ಪ ಸ್ವಲ್ಪ ದೂರ ಓಡಿಸುವ ಗಾಡಿಗಳಲ್ಲಿ ಆವಿ ತಣಿದು ಅಲ್ಲಿ ಕೆನೆ ಕಟ್ಟುವುದುಂಟು. ಅದೊಂದನ್ನೇ ನೋಡಿ ಹೆದರಬೇಡಿ. ಡಿಪ್‌ಸ್ಟಿಕ್‌ನಿಂದ ಒಂದು ಹನಿ ಎಣ್ಣೆಯನ್ನು ಕಾದ ತಗಡಿನ ಮೇಲೆ ಬಿಡಿ. ನೀರಿದ್ದರೆ ಚಟಪಟ ಸದ್ದು ಬರುತ್ತದೆ. ಕಣ್ಣಿನಿಂದ ದೂರ ಇಟ್ಟುಕೊಂಡು ಮಾಡಿ.

ಓಡಿಸುವುದು ಮಾತ್ರ ಬೇಡ. ಎಂಜಿನ್ ನಿಲ್ಲಿಸಿದ ಕೂಡಲೇ ಎಣ್ಣೆಯ ಒತ್ತಡ ಸೊನ್ನೆಗಿಳಿಯುತ್ತದೆ, ಬಿಸಿ ಕೂಲಂಟಿನದು ಬಹಳ ಹೊತ್ತು ಉಳಿಯುತ್ತದೆ. ಆಗ ಅದೇ ಬಿರುಕಿನಿಂದ ಕೂಲಂಟ್ ಎಣ್ಣೆಯ ಕಡೆಗೆ ಜಿನುಗಬಹುದು. ಕೂಲಂಟ್ ಬೆರೆತ ಎಣ್ಣೆ ಬೇರಿಂಗುಗಳನ್ನು ತಿಂದುಹಾಕುತ್ತದೆ. ಎಳೆಸಿಕೊಂಡೇ ಹೋಗಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನ್ನದು ಪೆಟ್ರೋಲ್ ಕಾರು. ಕೂಲಂಟ್ ಬಣ್ಣ ಸ್ವಚ್ಛವಾಗಿದೆ, ಆದರೆ ಎಲ್ಲಿಯೂ ಸೋರದೆ ಕಡಿಮೆಯಾಗುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾಗುತ್ತದೆ. ಸೋರಿಕೆ ಮುಚ್ಚುವ ದ್ರಾವಣ ಹಾಕಿದರೆ ಸಾಕೇ?

ಮೆಕ್ಯಾನಿಕ್: ನಿಮ್ಮ ಗಾಡಿಯ ಮೇಲೆ ನನಗೆ ಹೆಚ್ಚು ಅನುಮಾನ. ಕೂಲಂಟ್ ಇನ್ನೂ ಬಿಸಿಯೇ ಆಗಿಲ್ಲ, ಒತ್ತಡ ಎಲ್ಲಿಂದ ಬಂತು? ಸಿಲಿಂಡರಿನಿಂದ. ಅನಿಲ ಪರೀಕ್ಷೆ ಮಾಡಿಸಿ. ಜೊತೆಗೆ ಕೂಲಂಟ್ ವ್ಯವಸ್ಥೆಗೆ ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ತುಂಬಿಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಸ್ಪಾರ್ಕ್ ಪ್ಲಗ್ ತೆಗೆದು ಕ್ಯಾಮೆರಾ ಇಳಿಸಿ ನೋಡಿಸಿ. ಎಲ್ಲ ಪಿಸ್ಟನ್ನುಗಳ ತಲೆ ಮಸಿಯಾಗಿದ್ದು ಒಂದು ಮಾತ್ರ ಆವಿಯಲ್ಲಿ ತೊಳೆದಂತೆ ಹೊಳೆಯುತ್ತಿದ್ದರೆ ಸೋರಿಕೆ ಅಲ್ಲಿಯೇ. ಹೆಡ್ ಇಳಿಸಿದಾಗ ಅದು ಬಾಗಿದೆಯೇ ಎಂದು ನೇರಪಟ್ಟಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಅಳೆಯದೆ ಹೊಸ ಗ್ಯಾಸ್ಕೆಟ್ ಕೂರಿಸಲು ಬಿಡಬೇಡಿ. ದ್ರಾವಣದ ವಿಷಯ: ಬೇಡ. ಹೀಟರಿನ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ.

ಮೊದಲು ಕೇಳಿದವರಿಗೆ ಇನ್ನೊಂದು ಮಾತು. ಕೂಲರ್ ಬದಲಾಯಿಸಿದ ಮೇಲೆ ಒಂದೇ ಸಲ ನೀರು ಬಿಟ್ಟರೆ ಜಿಡ್ಡು ಹೋಗುವುದಿಲ್ಲ. ಎಣ್ಣೆ ಕರಗಿಸುವ ಕ್ಲೀನರ್ ಹಾಕಿ, ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲಂಟಿಗೆ ದಾರಿ ಬಿಡುವ ಕವಾಟ) ತೆರೆಯುವಷ್ಟು ಬಿಸಿಯಾಗುವವರೆಗೆ ಓಡಿಸಿ, ಹೊರಬರುವ ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ತೊಳೆಯಬೇಕು. ಎಣ್ಣೆ ಕುಡಿದ ರಬ್ಬರ್ ಹೋಸ್ ಊದಿಕೊಳ್ಳುತ್ತದೆ. ಒತ್ತಿದಾಗ ಮೆತ್ತಗಾಗಿರುವುದನ್ನೆಲ್ಲ ಬದಲಾಯಿಸಿ. ತೆಗೆದ ಕೂಲಂಟನ್ನು ನೆಲಕ್ಕೆ ಚೆಲ್ಲಬೇಡಿ. ನಾಯಿ, ಬೆಕ್ಕು ಅದನ್ನು ನೆಕ್ಕುತ್ತವೆ, ಮತ್ತು ಅದು ವಿಷ.