ವಯೋಮಿಂಗ್‌ ರಾಂಚ್‌ನ ಪ್ರೇಮಕಥೆ: ಮದುವೆಯನ್ನು ತಡೆಯುವುದು ಯಾವುದು?

ಪ್ರಶ್ನೆ

1886ರ ಅಮೆರಿಕದ ವಯೋಮಿಂಗ್‌ ಪ್ರಾಂತ್ಯದಲ್ಲಿ ನಡೆಯುವ ಪ್ರೇಮಕಾದಂಬರಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಯಕ ಸಾವಿರಾರು ದನಗಳ ರಾಂಚ್‌ನ, ಅಂದರೆ ದನ ಸಾಕುವ ವಿಶಾಲ ಜಮೀನಿನ ಒಡೆಯ. ನಾಯಕಿ ಪೂರ್ವದ ಊರಿನಿಂದ ಒಬ್ಬಳೇ ಬಂದು, ಅವನ ದನಗಳು ನೀರು ಕುಡಿಯುವ ತೊರೆಯ ದಂಡೆಯಲ್ಲೇ ಸರ್ಕಾರಿ ಜಮೀನು ಹಿಡಿದು ಮುಳ್ಳುತಂತಿ ಬಿಗಿದವಳು. ಇಬ್ಬರಿಗೂ ಮನಸ್ಸಿದೆ. ಆದರೂ ಮದುವೆಯನ್ನು ಕೊನೆಯವರೆಗೆ ತಡೆಯುವ ಕಾರಣ ಬೇಕು. ಕದ್ದ ಪತ್ರ, ಹಳೆಯ ಪ್ರೇಮಿ ಮುಂತಾದ ತಂತ್ರಗಳು ನನಗೇ ಬೇಸರ ತಂದಿವೆ. ಆ ಕಾಲದ ಬದುಕಿನಿಂದಲೇ ಹುಟ್ಟುವ ಅಡ್ಡಿ ಯಾವುದಾದರೂ ಇದೆಯೇ?

ಉತ್ತರ 1

ಅಡ್ಡಿ ನಿಮ್ಮ ಕಥೆಯ ಜಮೀನಿನಲ್ಲೇ ಇದೆ. ನೆಲೆಸಿ ಸಾಗುವಳಿ ಮಾಡುವವರಿಗೆ ಸರ್ಕಾರಿ ಜಮೀನು ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್‌ ಕಾಯ್ದೆಯಂತೆ 21 ವರ್ಷ ತುಂಬಿದ ಅವಿವಾಹಿತೆ ತನ್ನ ಹೆಸರಿನಲ್ಲೇ 160 ಎಕರೆಗೆ ಅರ್ಜಿ ಹಾಕಬಹುದಿತ್ತು. ಗಂಡನೊಡನೆ ಬಾಳುವ ಹೆಂಡತಿಗೆ ಆ ಹಕ್ಕಿರಲಿಲ್ಲ. ಪಟ್ಟಾ ಕೈಸೇರಬೇಕಾದರೆ 5 ವರ್ಷ ಅಲ್ಲೇ ವಾಸಿಸಿ ಸಾಗುವಳಿ ಮಾಡಬೇಕಿತ್ತು. ಮದುವೆಯಾಗಿ ಅವನ ಮನೆಗೆ ಹೋದರೆ ಆ ವಾಸವೇ ಮುರಿದುಬೀಳುತ್ತದೆ.

ಇನ್ನೊಂದು ದಾರಿಯೂ ಇತ್ತು: 6 ತಿಂಗಳು ವಾಸಿಸಿದ ಮೇಲೆ ಎಕರೆಗೆ 1.25 ಡಾಲರ್‌ನಂತೆ 200 ಡಾಲರ್‌ ಕಟ್ಟಿ ಪಟ್ಟಾ ಪಡೆಯಬಹುದಿತ್ತು. ಆ ಹಣವನ್ನು ನಾಯಕನೇ ನೀಡಲು ಬರಲಿ. ರಾಂಚ್‌ ಒಡೆಯರು ತಮ್ಮ ಆಳುಗಳ ಹೆಸರಿನಲ್ಲಿ ಅರ್ಜಿ ಹಾಕಿಸಿ ನೀರಿನ ದಂಡೆಗಳನ್ನು ವಶಪಡಿಸಿಕೊಳ್ಳುತ್ತಿದ್ದ ಕಾಲವದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಬೇನಾಮಿ. ಅವನ ಔದಾರ್ಯ ಅವಳ ಕಣ್ಣಿಗೆ ಅದೇ ಬೇನಾಮಿಯ ಬೆಲೆಯಾಗಿ ಕಂಡರೆ ಜಗಳ ತಾನೇ ಹುಟ್ಟುತ್ತದೆ.

ಉತ್ತರ 2

ಇಸವಿಯನ್ನು ತಿಳಿದೇ ಆರಿಸಿದ್ದೀರೆಂದು ಭಾವಿಸುತ್ತೇನೆ. 1886ರ ಬೇಸಿಗೆ ಒಣಗಿತ್ತು, ಮೇವು ಮೊದಲೇ ಸವೆದಿತ್ತು. ಮರುವರ್ಷದ ಜನವರಿಯಲ್ಲಿ ಹಿಮ ತುಸು ಕರಗಿ ಮತ್ತೆ ಹೆಪ್ಪುಗಟ್ಟಿದಾಗ ಹುಲ್ಲಿನ ಮೇಲೆ ಮಂಜುಗಡ್ಡೆಯ ಹೊದಿಕೆ ಬಿತ್ತು. ಅದನ್ನು ಒಡೆಯಲಾಗದೆ ದನಗಳು ಗಾಳಿಗೆ ಬೆನ್ನುಕೊಟ್ಟು ನಡೆದು, ಬೇಲಿ ಎದುರಾದಲ್ಲಿ ನಿಂತಲ್ಲೇ ಸತ್ತವು. ನೆರೆಯ ಮೊಂಟಾನಾದಲ್ಲಿ ಮಂದೆಯ ಸ್ಥಿತಿ ಹೇಗಿದೆಯೆಂದು ಮಾಲೀಕರು ವಿಚಾರಿಸಿದಾಗ, ಚಾರ್ಲ್ಸ್‌ ರಸೆಲ್‌ ಎಂಬ ಕೌಬಾಯ್‌ ಕಾಗದದ ಚೂರೊಂದರ ಮೇಲೆ ಎಲುಬು ಎದ್ದ ಒಂದೇ ಹಸುವನ್ನು ಚಿತ್ರಿಸಿ ಕಳಿಸಿದ. ಉತ್ತರ ಅಷ್ಟೇ.

ನಾಯಕಿ ಬೇಲಿಯೊಳಗೆ ಹುಲ್ಲು ಕೊಯ್ದು ಬಣವೆ ಒಟ್ಟಿರಲಿ. ಆ ರಾತ್ರಿ ತಂತಿಯಾಚೆ ದನಗಳು ಕೂಗುತ್ತಿರುವಾಗ ಅವಳು ಏನು ಮಾಡುತ್ತಾಳೆ?

ಉತ್ತರ 3

ತಂತಿ ಕತ್ತರಿಸಿದ ಮಾತ್ರಕ್ಕೆ ಮಂದೆಯೆಲ್ಲ ಉಳಿಯಿತೆಂದು ದಯವಿಟ್ಟು ಬರೆಯಬೇಡಿ. ಅಂತಹ ಒಂದು ಬಣವೆ ಸಾವಿರಾರು ದನಗಳ ಯಾವ ಹಲ್ಲಿಗೂ ಸಾಲದು. ನಲವತ್ತೋ ಐವತ್ತೋ ಉಳಿಯಲಿ. ಆ ಚಳಿಗಾಲದ ಬಳಿಕವೇ ರಾಂಚ್‌ಗಳು ಚಳಿಗಾಲಕ್ಕೆ ಹುಲ್ಲು ಬೆಳೆದು ಕೂಡಿಡುವ ಪದ್ಧತಿಗೆ ಹೆಚ್ಚು ಹೆಚ್ಚಾಗಿ ಹೊರಳಿದ್ದರಿಂದ, ಕೊನೆಗೆ ಅವನು ಅವಳ ಬಳಿ ಕೃಷಿ ಕಲಿಯಲು ಬರುವುದು ಚರಿತ್ರೆಗೂ ಒಪ್ಪುತ್ತದೆ.

ಭಾಷೆಯ ವಿಷಯ: ‘ಗೋಪಾಲಕ’ ಎಂದರೆ ಕೊಳಲು ಕೇಳಿಸುತ್ತದೆ, ಕೌಬಾಯ್‌ ಎಂದೇ ಇರಲಿ. ಕರುಗಳಿಗೆ ಕಾದ ಕಬ್ಬಿಣದಿಂದ ಒತ್ತುವ ಗುರುತಿಗೆ ‘ಬರೆ’ ಎಂಬ ನಮ್ಮ ಮಾತೇ ಸಾಕು.

ಪ್ರಶ್ನಿಸಿದವರು

ಕೃತಜ್ಞತೆಗಳು. ಮೊದಲ ಅಧ್ಯಾಯದಲ್ಲಿ ಅವನು ಅವಳ ಬೇಲಿಯನ್ನು ಕತ್ತರಿಸುವ ದೃಶ್ಯವಿತ್ತು, ಅದನ್ನು ತೆಗೆದುಹಾಕಿದ್ದೇನೆ. ಆ ಕತ್ತರಿ ಈಗ ಜನವರಿಯವರೆಗೆ ಅವಳ ಗೋಡೆಯ ಮೊಳೆಯಲ್ಲೇ ತೂಗುತ್ತಿರುತ್ತದೆ.